ಆಚೆಮನೆಯ ದೀಪ, ನಮ್ಮ ಮನೆಯ ಸರ್ವರ್

ನಮ್ಮ ಜಗಲಿಯಲ್ಲಿ ಕೂತರೆ ತೋಟದಾಚೆ, ಗುಡ್ಡದ ಬುಡದಲ್ಲಿ ಒಂದು ಒಂಟಿ ಮನೆ ಕಾಣುತ್ತದೆ. ಆಚೆಮನೆ ದೊಡ್ಡಮ್ಮ ಅಲ್ಲಿ ಒಬ್ಬರೇ ಇರುತ್ತಾರೆ. ಮಕ್ಕಳು ದೂರದೂರಿನಲ್ಲಿ. ಮೊಬೈಲ್ ಸಿಗ್ನಲ್ ಒಮ್ಮೆ ಬಂದರೆ ಇನ್ನೊಮ್ಮೆ ಇಲ್ಲ. ಸಂಜೆ ಏಳರ ಹೊತ್ತಿಗೆ ಅವರು ಅಂಗಳದ ಲೈಟು ಹಾಕುತ್ತಾರೆ, ಕರೆಂಟು ಹೋಗಿದ್ದರೆ ಚಾರ್ಜರ್ ದೀಪವನ್ನು ಮೆಟ್ಟಿಲ ಮೇಲೆ ತಂದಿಡುತ್ತಾರೆ. ಅದು ಕಂಡರೆ ನಾವು ನಮ್ಮ ನಮ್ಮ ಕೆಲಸ ನೋಡಿಕೊಳ್ಳುತ್ತೇವೆ. ಏಳೂವರೆಯಾದರೂ ಕಾಣದಿದ್ದರೆ ಯಾರಾದರೊಬ್ಬರು ಟಾರ್ಚು ಹಿಡಿದು ಹೊರಡುತ್ತೇವೆ. ಏನಾದರೂ ಆದರೆ ಕೂಗಿ ಎಂದು ನಾವು ಅವರಿಗೆ ಹೇಳಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದವರಿಗೆ ಕೂಗಲು ಆಗದೆಯೂ ಇರಬಹುದು.

ಅದೇ ಜಗಲಿಯ ಒಳಗೋಡೆಯ ಕಪಾಟಿನಲ್ಲಿ ಎಂಟು ವರ್ಷಗಳಿಂದ ಒಂದು ಸಣ್ಣ ಕಂಪ್ಯೂಟರ್ ಹಗಲೂ ರಾತ್ರಿ ಓಡುತ್ತಿದೆ. ಯಾವುದೋ ಕಚೇರಿಯಲ್ಲಿ ದುಡಿದು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದಿದ್ದ ಯಂತ್ರ. ಪರದೆಯಿಲ್ಲ, ಕೀಲಿಮಣೆಯಿಲ್ಲ, ಎರಡು ಹಾರ್ಡ್ ಡಿಸ್ಕು, ಒಂದು ನೆಟ್‌ವರ್ಕ್ ಕೇಬಲ್ಲು, ಪಕ್ಕದಲ್ಲಿ ಒಂದು ಯುಪಿಎಸ್. ಒಳಗೆ ಡೆಬಿಯನ್ ಲಿನಕ್ಸ್ ಇದೆ. ಅದರ ಮೇಲೆ ನೆಕ್ಸ್ಟ್‌ಕ್ಲೌಡ್ ಎಂಬ ತಂತ್ರಾಂಶ ಮನೆಮಂದಿಯ ಫೋಟೊ, ಕಾಗದಪತ್ರ, ಕ್ಯಾಲೆಂಡರುಗಳನ್ನು ನೋಡಿಕೊಳ್ಳುತ್ತದೆ. ಜೆಲ್ಲಿಫಿನ್ ಎಂಬುದು ಧ್ವನಿ, ದೃಶ್ಯಗಳನ್ನು ಫೋನಿಗೆ ಕಳಿಸುತ್ತದೆ. ಎರಡೂ ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಾದ ಮುಕ್ತ ತಂತ್ರಾಂಶಗಳು. ದೊಡ್ಡ ಕಂಪನಿಗಳ ಕ್ಲೌಡ್ ಮಾಡುವ ಕೆಲಸವನ್ನು ಹೀಗೆ ನಮ್ಮ ಸೂರಿನಡಿಯ ಯಂತ್ರದಲ್ಲೇ ಮಾಡಿಸಿಕೊಳ್ಳುವುದನ್ನು ‘ಸೆಲ್ಫ್ ಹೋಸ್ಟಿಂಗ್’ ಎನ್ನುತ್ತಾರೆ. ನಾನು ಇದಕ್ಕೆ ಕೈಹಾಕಿದ್ದು ಅಪ್ಪನ ಕ್ಯಾಸೆಟ್ಟುಗಳಿಗಾಗಿ. 1980ರ ದಶಕದಲ್ಲಿ ಅವರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಸಾಗರ ಸೀಮೆಯ ತಾಳಮದ್ದಳೆಗಳಿಗೆ ಹೋಗಿ ರಾತ್ರಿಯಿಡೀ ಕೂತು ಧ್ವನಿಮುದ್ರಿಸಿದ್ದರು. ಬೂಷ್ಟು ಹಿಡಿಯುತ್ತಿದ್ದ ಆ ಟೇಪುಗಳನ್ನು ಒಂದೊಂದಾಗಿ ಡಿಜಿಟಲ್‌ಗೆ ಇಳಿಸಿದೆ. ಇವತ್ತು ಬೇರೆಲ್ಲೂ ಇಲ್ಲದ ದನಿಗಳು ಅವು.

ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳುವವರ ಸಂಖ್ಯೆ ಹೆಚ್ಚುತ್ತಿದೆ. ಅನುಸ್ಥಾಪಿಸುವುದು ಹೇಗೆಂದು ಹೇಳುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಒಂದು ಶನಿವಾರ ಕೂತರೆ ಸಂಜೆಯೊಳಗೆ ಎಲ್ಲ ಓಡತೊಡಗುತ್ತದೆ. ಆ ಶನಿವಾರ ಕಳೆದ ಮೇಲಿನ ವರ್ಷಗಳ ಬಗ್ಗೆ ಮಾತಾಡುವವರು ಕಡಿಮೆ. ನನ್ನ ಎಂಟು ವರ್ಷದಲ್ಲಿ ಸರ್ವರ್ ಸದ್ದು ಮಾಡಿಕೊಂಡು ಕೆಟ್ಟದ್ದು ಎರಡೋ ಮೂರೋ ಸಲ. ಉಳಿದ ಅಷ್ಟೂ ಸಲ ಅದು ಸದ್ದಿಲ್ಲದೆ ಕೆಟ್ಟಿತು. ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಒಳಗೆ ಯಾವುದೋ ಒಂದು ಕೆಲಸ ವಾರಗಳ ಹಿಂದೆಯೇ ನಿಂತುಹೋಗಿರುತ್ತಿತ್ತು. ಸರ್ವರ್ ನಿರ್ವಹಣೆ ಎಂದರೆ ಬಹುಪಾಲು ಈ ಮೌನಕ್ಕೆ ಬಾಯಿ ಕೊಡುವ ಕೆಲಸ ಎಂಬುದು ನನಗೆ ತಡವಾಗಿ ತಿಳಿಯಿತು.

ಮೊದಲ ಪಾಠ ಡಿಸ್ಕು ತುಂಬಿದ್ದು. ಒಂದು ಬೆಳಿಗ್ಗೆ ಬೆಂಗಳೂರಿನಿಂದ ಮಗಳ ಫೋನು: “ಅಪ್ಪಾ, ನನ್ನ ಫೋಟೊ ಯಾವುದೂ ಮೇಲೆ ಹೋಗ್ತಿಲ್ಲ, ನಾಲ್ಕು ದಿನ ಆಯ್ತು.” ಹಳೆಯ ಫೋಟೊಗಳೆಲ್ಲ ಕಾಣುತ್ತಿದ್ದವು, ಹೊಸದು ಮಾತ್ರ ಸೇರುತ್ತಿರಲಿಲ್ಲ. ಡಿಸ್ಕಿನಲ್ಲಿ ಎಷ್ಟು ಜಾಗವಿದೆ ಎಂದು ತೋರಿಸುವ ‘ಡಿಎಫ್’ ಎಂಬ ಎರಡಕ್ಷರದ ಆದೇಶ ಕೊಟ್ಟರೆ ನೂರಕ್ಕೆ ನೂರು ತುಂಬಿತ್ತು. ಫೋಟೊಗಳಿಂದ ತುಂಬಿದ್ದಲ್ಲ. ತಂತ್ರಾಂಶಗಳು ತಾವು ಮಾಡುವ ಪ್ರತಿ ಕೆಲಸವನ್ನೂ ಒಂದು ಕಡತದಲ್ಲಿ ಬರೆದಿಡುತ್ತವೆ, ಅದನ್ನು ಲಾಗ್ ಎನ್ನುತ್ತೇವೆ. ನಾನು ಕೆಲವು ತಂತ್ರಾಂಶಗಳನ್ನು ಡಾಕರ್ ಎಂಬ ವ್ಯವಸ್ಥೆಯಲ್ಲಿ ಓಡಿಸುತ್ತೇನೆ. ಅದರ ಲಾಗಿಗೆ ನಾವಾಗಿಯೇ ಮಿತಿ ಹೇಳದಿದ್ದರೆ ಮಿತಿಯೇ ಇರುವುದಿಲ್ಲ. ಒಂದು ಸಣ್ಣ ತಪ್ಪನ್ನು ಸೆಕೆಂಡಿಗೊಮ್ಮೆ ಬರೆಯುತ್ತಾ ಬರೆಯುತ್ತಾ ಆ ಕಡತ ಕೆರೆಯ ಹೂಳಿನಂತೆ ಬೆಳೆದು ಕೂತಿತ್ತು.

ಅವಸರದಲ್ಲಿ ಅದನ್ನು ಅಳಿಸಿದೆ. ಕಡತ ಹೋಯಿತು, ಜಾಗ ಮಾತ್ರ ಬರಲಿಲ್ಲ. ಲಿನಕ್ಸಿನಲ್ಲಿ ಕಡತ ಅಳಿಸುವುದೆಂದರೆ ಅದರ ಹೆಸರನ್ನು ಅಳಿಸುವುದು ಎಂಬುದನ್ನು ನಾನು ಕಲಿತದ್ದು ಆ ದಿನ. ಯಾವುದಾದರೂ ತಂತ್ರಾಂಶ ಆ ಕಡತವನ್ನು ಇನ್ನೂ ತೆರೆದು ಹಿಡಿದುಕೊಂಡಿದ್ದರೆ, ಅದು ಕೈಬಿಡುವ ತನಕ ಜಾಗ ಖಾಲಿಯಾಗುವುದಿಲ್ಲ. ಆ ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಶುರುಮಾಡಿದ ತಕ್ಷಣ ಡಿಸ್ಕು ಉಸಿರಾಡಿತು. ಜಾಗವಿದ್ದರೂ ‘ಜಾಗವಿಲ್ಲ’ ಎನ್ನುವ ಇನ್ನೊಂದು ಸಂದರ್ಭವಿದೆ. ಪ್ರತಿ ಕಡತಕ್ಕೂ ಐನೋಡ್ ಎಂಬ ಒಂದು ನೋಂದಣಿ ಬೇಕು. ಡಿಸ್ಕನ್ನು ಸಿದ್ಧಪಡಿಸುವಾಗಲೇ ಅವುಗಳ ಸಂಖ್ಯೆ ನಿಗದಿಯಾಗಿರುತ್ತದೆ. ಲಕ್ಷಗಟ್ಟಲೆ ಪುಟಾಣಿ ಕಡತಗಳು ಸೇರಿದರೆ ಗದ್ದೆಯಲ್ಲಿ ಜಾಗವಿದ್ದೂ ಪಹಣಿ ಪುಸ್ತಕದಲ್ಲಿ ಪುಟ ಮುಗಿದಂತಾಗುತ್ತದೆ. ಇನ್ನು ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆ ಡಿಸ್ಕಿನ ನೂರರಲ್ಲಿ ಐದು ಪಾಲನ್ನು ವ್ಯವಸ್ಥೆಯ ಯಜಮಾನನಿಗೆಂದು ಮೊದಲೇ ಎತ್ತಿಡುತ್ತದೆ. ಉಳಿದವರಿಗೆ ಬಾಗಿಲು ಮುಚ್ಚಿದ ಮೇಲೂ ಯಜಮಾನ ಒಳಗೆ ಬಂದು ಕಸ ತೆಗೆಯಲಿ ಎಂಬುದಕ್ಕಾಗಿ ಇಟ್ಟ ಜಾಗ ಅದು. ಯಾರು ಯೋಚಿಸಿದರೋ, ಒಳ್ಳೆಯ ಯೋಚನೆ.

ತೊಂದರೆ ಹುಡುಕುವ ಕ್ರಮವನ್ನು ನನಗೆ ಕಲಿಸಿದ್ದು ಗುಡ್ಡದ ನೀರಿನ ಪೈಪು. ಮಲೆನಾಡಿನ ಅನೇಕ ಮನೆಗಳಿಗೆ ಮೋಟಾರಿಲ್ಲದೆ, ಮೇಲಿನ ಅಬ್ಬಿಯಿಂದ ನೀರು ತಾನಾಗಿ ಹರಿದು ಬರುತ್ತದೆ. ಒಂದು ದಿನ ನಲ್ಲಿಯಲ್ಲಿ ನೀರು ನಿಂತರೆ ತಿಳಿದವರು ಅಬ್ಬಿಯ ತುದಿಯವರೆಗೆ ಓಡುವುದಿಲ್ಲ, ನಲ್ಲಿಯನ್ನೂ ಬಿಚ್ಚುವುದಿಲ್ಲ. ನಡುದಾರಿಯ ಒಂದು ಜಾಯಿಂಟ್ ಬಿಚ್ಚಿ ನೋಡುತ್ತಾರೆ. ಅಲ್ಲಿ ನೀರಿದ್ದರೆ ತರಗೆಲೆ ಕೆಳಗೆ ಸಿಕ್ಕಿಕೊಂಡಿದೆ, ಇಲ್ಲದಿದ್ದರೆ ಮೇಲೆ. ಮತ್ತೆ ಉಳಿದ ಅರ್ಧದ ಅರ್ಧಕ್ಕೆ ಹೋಗುತ್ತಾರೆ. ನಾಲ್ಕು ಜಾಯಿಂಟು ಬಿಚ್ಚುವಷ್ಟರಲ್ಲಿ ಕಟ್ಟಿಕೊಂಡ ಜಾಗ ಸಿಗುತ್ತದೆ.

ಒಂದು ಜುಲೈನಲ್ಲಿ ಮೂರು ದಿನ ಕರೆಂಟಿರಲಿಲ್ಲ. ಬಂದ ಮೇಲೆ ಮನೆಯಲ್ಲಿ ಯಾರ ಫೋನಿನಲ್ಲೂ ಇಂಟರ್‌ನೆಟ್ ಇಲ್ಲ. ಫೈಬರ್ ಕಡಿದಿದೆ ಎಂದೇ ಎಲ್ಲರೂ ಅಂದುಕೊಂಡೆವು. ದೂರು ಕೊಡುವ ಮುಂಚೆ ನಡುವಿನ ಜಾಯಿಂಟ್ ನೋಡೋಣ ಎಂದು ಸರ್ವರಿನಿಂದ 8.8.8.8 ಎಂಬ ಹೊರಗಿನ ವಿಳಾಸವನ್ನು ಅಂಕಿಯಲ್ಲೇ ಕೂಗಿ ಕರೆದೆ. ಉತ್ತರ ಬಂತು! ಫೈಬರ್ ಸರಿಯಿದೆ. ಹೆಸರು ಹೇಳಿ ಕರೆದರೆ ಮಾತ್ರ ಯಾರೂ ಓಗೊಡಲಿಲ್ಲ. ಅಂದರೆ ಹೆಸರಿನಿಂದ ಅಂಕಿಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೇವೆಯಲ್ಲಿ ಕಟ್ಟಿಕೊಂಡಿದೆ. ಜಾಹೀರಾತುಗಳ ಕಾಟ ತಪ್ಪಿಸಲೆಂದು ಆ ಸೇವೆಯನ್ನೂ ನಾನು ಮನೆಯ ಸರ್ವರಿನಲ್ಲೇ ನಡೆಸುತ್ತಿದ್ದೆ. ಅದರ ಲಾಗ್ ತೆರೆದರೆ, ಬಂದ ಉತ್ತರಗಳನ್ನೆಲ್ಲ ‘ಸಹಿ ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ಅದು ತಿರಸ್ಕರಿಸುತ್ತಿತ್ತು. ಇವತ್ತಿನ ಸಹಿ ಚಾಲ್ತಿಗೆ ಬರದಿರುವುದು ಹೇಗೆ? ದಿನಾಂಕ ಕೇಳಿದೆ. ಸರ್ವರಿನ ಗಡಿಯಾರ ಎರಡು ವರ್ಷ ಹಿಂದೆ ಹೋಗಿ ಕೂತಿತ್ತು.

ಹೆಚ್ಚಿನ ಕಂಪ್ಯೂಟರುಗಳ ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ ಇರುತ್ತದೆ. ಕರೆಂಟಿಲ್ಲದಾಗಲೂ ಗಡಿಯಾರ ನಡೆಯುವುದು ಅದರಿಂದ. ಹಳೆಯ ಯಂತ್ರ, ಬ್ಯಾಟರಿ ಯಾವಾಗಲೋ ಸತ್ತಿತ್ತು. ಮೂರು ದಿನ ಪೂರ್ತಿ ಕತ್ತಲಾಗುವ ತನಕ ಯಾರಿಗೂ ಗೊತ್ತಾಗಲಿಲ್ಲ. ಸಾಮಾನ್ಯವಾಗಿ ಸರ್ವರ್ ಎದ್ದ ಕೂಡಲೇ ಎನ್‌ಟಿಪಿ ಎಂಬ ಸೇವೆಯಿಂದ ಸರಿಯಾದ ಸಮಯ ಕೇಳಿಕೊಳ್ಳುತ್ತದೆ. ಕೇಳಲು ಎನ್‌ಟಿಪಿ ಸರ್ವರಿನ ಹೆಸರು ಗೊತ್ತಿದೆ, ವಿಳಾಸ ಗೊತ್ತಿಲ್ಲ. ವಿಳಾಸ ಹುಡುಕಲು ಡಿಎನ್‌ಎಸ್ ಬೇಕು, ಡಿಎನ್‌ಎಸ್ ಸಹಿ ನಂಬಲು ಸರಿಯಾದ ಸಮಯ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತೆ. ದಿನಾಂಕವನ್ನು ಕೈಯಾರೆ ತಿದ್ದಿದೆ, ಅರ್ಧ ನಿಮಿಷದಲ್ಲಿ ಎಲ್ಲರ ಫೋನೂ ಟಣ್ ಟಣ್ ಎನ್ನತೊಡಗಿದವು. ಮರುದಿನ ಸಾಗರದ ವಾಚ್ ಅಂಗಡಿಯಿಂದ ಹೊಸ ಬ್ಯಾಟರಿ ತಂದು ಹಾಕಿ, ಹೆಸರಿನ ಹಂಗಿಲ್ಲದೆ ಅಂಕಿಯ ವಿಳಾಸದಲ್ಲೇ ಸಿಗುವ ಒಂದು ಎನ್‌ಟಿಪಿ ಸರ್ವರನ್ನೂ ಪಟ್ಟಿಗೆ ಸೇರಿಸಿದೆ. ರಾಸ್ಪ್‌ಬೆರಿ ಪೈ ಬಳಸುವವರು ಇದನ್ನು ಇನ್ನೂ ಹೆಚ್ಚು ಗಮನಿಸಬೇಕು. 2023ರಲ್ಲಿ ಬಂದ ಐದನೇ ಮಾದರಿಗಿಂತ ಮುಂಚಿನವುಗಳಲ್ಲಿ ಇಂಥ ಗಡಿಯಾರವೇ ಇಲ್ಲ.

ಸಮಯದ ಮಾತು ಬಂದದ್ದರಿಂದ ಪ್ರಮಾಣಪತ್ರಗಳ ಬಗ್ಗೆಯೂ ಹೇಳಬೇಕು. ಬ್ರೌಸರ್ ಎಚ್ಚರಿಕೆ ಕೊಡದೆ ತಾಣವನ್ನು ತೆರೆಯಲು ಒಂದು ಡಿಜಿಟಲ್ ಪ್ರಮಾಣಪತ್ರ ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಕೊನೆಯಿಂದ ಅದನ್ನು ಉಚಿತವಾಗಿ ಕೊಡುತ್ತಿದೆ, ಅದರ ಆಯುಸ್ಸು ಸಾಮಾನ್ಯವಾಗಿ 90 ದಿನ. ನವೀಕರಿಸುವ ಕೆಲಸವನ್ನು ಒಂದು ಸಣ್ಣ ತಂತ್ರಾಂಶ ಮಾಡುತ್ತದೆ. ನಮ್ಮಲ್ಲಿ ಅದು ಸಮಯಕ್ಕೆ ಸರಿಯಾಗಿ ಹೊಸ ಪತ್ರ ತಂದಿಟ್ಟಿತ್ತು; ವೆಬ್ ಸರ್ವರ್ ಮಾತ್ರ ತಾನು ಎದ್ದಾಗ ಓದಿಕೊಂಡ ಹಳೆಯ ಪತ್ರವನ್ನೇ ಎಲ್ಲರಿಗೂ ತೋರಿಸುತ್ತಾ ಇತ್ತು, ಅದರ ವಾಯಿದೆ ಮುಗಿಯುವ ತನಕ. ಕಡತ ಹೊಸದಾಗಿದೆಯೇ ಎಂದು ನೋಡಿದರೆ ಸಾಲದು, ಹೊರಗಿನಿಂದ ಬಂದವರಿಗೆ ಯಾವ ಪತ್ರ ಕಾಣುತ್ತಿದೆ ಎಂದು ನೋಡಬೇಕು. ವಾಯಿದೆ ಹತ್ತಿರವಾದಾಗ ಆ ಸಂಸ್ಥೆ ಮುಂಚೆ ಇಮೇಲ್ ಕಳಿಸುತ್ತಿತ್ತು, 2025ರ ಜೂನ್‌ನಿಂದ ಅದನ್ನು ನಿಲ್ಲಿಸಿದೆ. ಪ್ರಮಾಣಪತ್ರ ಕೊಡುವವರೂ ಬ್ರೌಸರ್ ಕಂಪನಿಗಳೂ ಸೇರಿ ಮಾಡಿಕೊಂಡ ನಿಯಮದಂತೆ 2029ರ ಮಾರ್ಚ್‌ನಿಂದ ಯಾವ ಪತ್ರವೂ 47 ದಿನಕ್ಕಿಂತ ಹೆಚ್ಚು ಬಾಳುವಂತಿಲ್ಲ. ವರ್ಷಕ್ಕೊಮ್ಮೆ ನೆನಪಿಟ್ಟುಕೊಂಡು ಮಾಡುವ ಕಾಲ ಹೋಯಿತು.

ವಾರಕ್ಕೊಂದು ಸಲ, ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಸರ್ವರಿನ ಮುಂದೆ ಇಪ್ಪತ್ತು ನಿಮಿಷ ಕೂರುತ್ತೇನೆ. ಡಿಸ್ಕಿನ ಜಾಗ, ಮೆಮೊರಿ, ವಾರದ ಲಾಗಿನಲ್ಲಿ ಹೊಸದಾಗಿ ಕಂಡ ತಪ್ಪುಗಳು, ಯಾರು ಎಲ್ಲಿಂದ ಒಳಬಂದರು, ಹೊಸ ಅಪ್‌ಡೇಟುಗಳು ಏನಿವೆ. ಸುರಕ್ಷತೆಯ ಅಪ್‌ಡೇಟುಗಳನ್ನು ಡೆಬಿಯನ್ ತಾನಾಗಿ ಹಾಕಿಕೊಳ್ಳುವಂತೆ ಹೊಂದಿಸಿಟ್ಟಿದ್ದೇನೆ. ದೊಡ್ಡ ಬದಲಾವಣೆಗಳನ್ನು ನಾನೇ, ಮನೆಯಲ್ಲಿ ಯಾರಿಗೂ ತುರ್ತಿಲ್ಲದ ಹೊತ್ತಿನಲ್ಲಿ, ಬ್ಯಾಕಪ್ ಆದ ಮೇಲೆ ಹಾಕುತ್ತೇನೆ. ಇದರಲ್ಲಿ ಹೆಚ್ಚಿನ ವಾರ ಏನೂ ಸಿಗುವುದಿಲ್ಲ. ಏನೂ ಸಿಗದ ಆ ಭಾನುವಾರಗಳಿಂದಲೇ ನನಗೆ ಯಂತ್ರದ ಸಹಜ ಸ್ಥಿತಿ ಗೊತ್ತಾಗಿರುವುದು. ಹಟ್ಟಿಯಲ್ಲಿ ದನ ಒಂದು ಹೊತ್ತು ಮೆಲುಕು ಹಾಕದಿದ್ದರೆ ಸಾಕಿದವರಿಗೆ ಥಟ್ಟನೆ ತಿಳಿಯುತ್ತದೆ, ನೆಂಟರಿಗೆ ತಿಳಿಯುವುದಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ 2024ರ ಮಾರ್ಚ್ ತಿಂಗಳಿನದು. ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಡೆಬಿಯನ್ನಿನ ಅಸ್ಥಿರ ಆವೃತ್ತಿಯ ಮೇಲೆ ಬೇರೇನೋ ಅಳತೆ ಮಾಡುತ್ತಿದ್ದರು. ದೂರದಿಂದ ಸರ್ವರಿನೊಳಗೆ ಬರುವ ಎಸ್‌ಎಸ್‌ಎಚ್ ಬಾಗಿಲು ತೆರೆಯಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡ್! ಬೇರೆ ಯಾರಾದರೂ ಬಿಟ್ಟುಬಿಡುತ್ತಿದ್ದರು. ಅವರು ಬೆನ್ನುಹತ್ತಿದರು. ಎಕ್ಸ್‌ಜೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಾಧಾರಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಯಾರೋ ಬೇಕೆಂದೇ ಒಂದು ಕಳ್ಳಬಾಗಿಲು ಇಟ್ಟಿರುವುದು ಸಿಕ್ಕಿತು. ಮಾರ್ಚ್ 29ರಂದು ಅವರು ಅದನ್ನು ಬಹಿರಂಗಪಡಿಸಿದರು. ಕೋಟಿಗಟ್ಟಲೆ ಯಂತ್ರಗಳಲ್ಲಿರುವ ಸ್ಥಿರ ಆವೃತ್ತಿಗಳಿಗೆ ಅದು ಹರಡುವ ಮುಂಚೆಯೇ ತಡೆಬಿತ್ತು. ದಿನದ ನಡಿಗೆ ಗೊತ್ತಿದ್ದವರೊಬ್ಬರು ಒಂದು ಸಣ್ಣ ಕುಂಟುವಿಕೆ ಗುರುತಿಸಿದರು, ಅಷ್ಟರಿಂದ ಜಗತ್ತಿನ ಸರ್ವರುಗಳು ಪಾರಾದವು. ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳಬೇಕೆಂಬ ಅವಸರ ನನಗೂ ಇತ್ತು, ಅದರ ನಂತರ ಹೋಯಿತು.

ಈಗ ಬ್ಯಾಕಪ್. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಅಪ್ಪನ ದನಿ ಹೆಚ್ಚುಕಡಿಮೆ ಕಳೆದುಹೋಗುವುದರಲ್ಲಿತ್ತು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ನನ್ನಲ್ಲೂ ಇತ್ತು. ಸರ್ವರಿನ ಎರಡು ಡಿಸ್ಕು ಒಂದರದ್ದು ಇನ್ನೊಂದಕ್ಕೆ ಕನ್ನಡಿ. ಇದನ್ನು ರೇಡ್ ಎನ್ನುತ್ತಾರೆ. ಒಂದು ಡಿಸ್ಕು ಸತ್ತರೆ ಇದು ಕಾಪಾಡುತ್ತದೆ. ನಾವೇ ತಪ್ಪಿ ಅಳಿಸಿದ್ದನ್ನು ಕನ್ನಡಿಯೂ ಆ ಕ್ಷಣವೇ ಅಳಿಸುತ್ತದೆ, ಹಾಗಾಗಿ ಅದನ್ನು ಬ್ಯಾಕಪ್ ಲೆಕ್ಕಕ್ಕೆ ಹಿಡಿಯಬಾರದು. ಪ್ರತಿ ರಾತ್ರಿ ಎರಡು ಗಂಟೆಗೆ ಒಂದು ಸಣ್ಣ ಸ್ಕ್ರಿಪ್ಟು ಹೊಸ ಕಡತಗಳನ್ನು ಯುಎಸ್‌ಬಿ ಡಿಸ್ಕಿಗೆ ನಕಲಿಸಿ ಕೊನೆಯಲ್ಲಿ ‘ಬ್ಯಾಕಪ್ ಮುಗಿಯಿತು’ ಎಂದು ಲಾಗಿನಲ್ಲಿ ಬರೆಯುತ್ತಿತ್ತು. ಭಾನುವಾರ ಆ ಸಾಲು ಕಂಡರೆ ನನಗೆ ಸಮಾಧಾನ. ಮಗಳ ಮನೆಗೆ ಹೋಗುವಾಗಲೆಲ್ಲ ಆ ಡಿಸ್ಕಿನ ಇನ್ನೊಂದು ನಕಲು ಮಾಡಿ ಒಯ್ಯುತ್ತಿದ್ದೆ. ಡಿಸ್ಕು ಬಸ್ಸಿನಲ್ಲಿ ಕಳೆದುಹೋದರೂ ಬೇರೆಯವರು ಓದಬಾರದೆಂದು ಇಕ್ರಿಪ್ಟ್‌ಎಫ್‌ಎಸ್ ಎಂಬ ವಿಧಾನದಲ್ಲಿ ಪ್ರತಿ ಕಡತವನ್ನೂ ಗೂಢಲಿಪಿಗೆ ಇಳಿಸಿಟ್ಟಿದ್ದೆ.

ಒಂದು ದಿನ ಮಗಳು ಅಜ್ಜನ ಕೃಷ್ಣಸಂಧಾನ ಕೇಳಬೇಕೆಂದು ತನ್ನ ಮನೆಯಲ್ಲಿದ್ದ ಡಿಸ್ಕು ತೆರೆದಳು. ಮೊದಲ ಭಾಗ ಇತ್ತು. ಎರಡನೇ ಭಾಗ ಇರಲಿಲ್ಲ. ಹುಡುಕುತ್ತಾ ಹೋದರೆ ಹತ್ತಾರು ಕಡತಗಳೇ ಇಲ್ಲ. ಬ್ಯಾಕಪ್ ಡಿಸ್ಕಿನಲ್ಲೂ ಇಲ್ಲ, ಎಂದೂ ಇರಲೇ ಇಲ್ಲ. ಮೂಲ ಸರ್ವರಿನಲ್ಲಿ ಮಾತ್ರ ಇದ್ದವು. ಎರಡು ವರ್ಷ ‘ಬ್ಯಾಕಪ್ ಮುಗಿಯಿತು’ ಎಂದು ಓದಿ ಸಮಾಧಾನಪಟ್ಟುಕೊಂಡಿದ್ದೆ.

ಕಾರಣ ಕನ್ನಡದಲ್ಲಿತ್ತು. ಅಪ್ಪ ಕ್ಯಾಸೆಟ್ಟಿನ ಮೇಲೆ ವರ್ಷ, ಊರು, ಜಾಗ, ಪ್ರಸಂಗ ಎಲ್ಲವನ್ನೂ ದುಂಡಗೆ ಬರೆದಿಡುತ್ತಿದ್ದರು. ಆ ಚೀಟಿಯಲ್ಲಿದ್ದುದನ್ನೇ ನಾನು ಕಡತದ ಹೆಸರಾಗಿ ಟೈಪಿಸಿದ್ದೆ. ‘1987 ತಾಳಗುಪ್ಪ ದೇವಸ್ಥಾನ ತಾಳಮದ್ದಳೆ ಕೃಷ್ಣಸಂಧಾನ ಎರಡನೇ ಭಾಗ’. ಕಡತದ ಹೆಸರಿಗೆ ಲಿನಕ್ಸಿನಲ್ಲಿ 255 ಬೈಟುಗಳ ಮಿತಿಯಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು; ಗುಣಿತದ ಚಿಹ್ನೆಗೆ ಬೇರೆ ಮೂರು, ಒತ್ತಕ್ಷರ ಮಾಡುವ ಅರ್ಧಕ್ಕೆ ಮತ್ತೆ ಮೂರು. ‘ಕೃಷ್ಣಸಂಧಾನ’ ನಮ್ಮ ಕಣ್ಣಿಗೆ ಐದೇ ಅಕ್ಷರ. ಯಂತ್ರಕ್ಕೆ ಅದು ಹತ್ತು ಚಿಹ್ನೆ, 30 ಬೈಟು. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 15. ಹಾಗಾಗಿ 255ರ ಮಿತಿ ಕನ್ನಡಿಗರಿಗೆ 85 ಚಿಹ್ನೆಗಳ ಮಿತಿ. ನಾನು ಬಳಸಿದ ಗೂಢಲಿಪಿ ಹೆಸರನ್ನೂ ಮರೆಮಾಚಿ ಉದ್ದ ಮಾಡುವುದರಿಂದ ಅಲ್ಲಿ ಮೂಲ ಹೆಸರು 143 ಬೈಟು ದಾಟುವಂತಿಲ್ಲ, ಅಂದರೆ ಕನ್ನಡದ 47 ಚಿಹ್ನೆ. ಕೂತು ಲೆಕ್ಕ ಹಾಕಿದೆ. ಕಡತದ ಬಗೆ ಹೇಳುವ ‘.flac’ ಎಂಬ ಬಾಲವನ್ನೂ ಸೇರಿಸಿ ‘ಮೊದಲ ಭಾಗ’ದ ಹೆಸರು 141 ಬೈಟು. ‘ಎರಡನೇ ಭಾಗ’ 144. ಒಂದೇ ಒಂದು ಬೈಟಿನಿಂದ ಅಪ್ಪನ ಅರ್ಧ ರಾತ್ರಿಯ ಧ್ವನಿಮುದ್ರಣ ಹೊರಗೆ ಉಳಿದಿತ್ತು.

ನಕಲಿಸುವ ಆರ್‌ಸಿಂಕ್ ತನ್ನ ಕರ್ತವ್ಯ ಮಾಡಿತ್ತು: ‘ಹೆಸರು ತೀರಾ ಉದ್ದ’ ಎಂದು ಪ್ರತಿ ರಾತ್ರಿ ದೂರು ಬರೆದು, ತಪ್ಪಾಗಿದೆ ಎಂಬ ಸಂಕೇತ ಕೊಟ್ಟು ಹೊರಬರುತ್ತಿತ್ತು. ನನ್ನ ಸ್ಕ್ರಿಪ್ಟು ಆ ಸಂಕೇತ ನೋಡದೆ ಮುಂದಿನ ಸಾಲಿಗೆ ಹೋಗಿ ‘ಮುಗಿಯಿತು’ ಎನ್ನುತ್ತಿತ್ತು. ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ‘ಕೋ’ ಎಂಬುದನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ಓಕಾರವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಅಥವಾ ಎತ್ವ, ಕೊಂಬು, ದೀರ್ಘ ಎಂದು ಬಿಡಿಸಿ ಮೂರಾಗಿ ಇಡಬಹುದು. ಹಳೆಯ ಮ್ಯಾಕ್ ಕಂಪ್ಯೂಟರುಗಳ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ ‘ಕೋಲಾಟ’ವೂ ಇಲ್ಲಿನ ‘ಕೋಲಾಟ’ವೂ ಕಣ್ಣಿಗೆ ಒಂದೇ, ಲಿನಕ್ಸಿಗೆ ಬೇರೆ ಬೇರೆ. ತಮ್ಮನ ಹಳೆಯ ಮ್ಯಾಕ್‌ನಿಂದ ಬಂದ ಕಡತಗಳು ನಮ್ಮಲ್ಲಿ ಎರಡೆರಡು ಪ್ರತಿಯಾಗಿ ಕೂತದ್ದು ಹೀಗೆ.

ಇದೆಲ್ಲ ಹಳ್ಳಿಮನೆಯ ಅರಿಯದವನಿಗೆ ಮಾತ್ರ ಆಗುವುದಲ್ಲ ಎಂದು, ತಂತ್ರಾಂಶಗಳ ಕೋಡ್ ಕಾದಿಡುವ ಸೇವೆ ನಡೆಸುವ ಗಿಟ್‌ಲ್ಯಾಬ್ ಕಂಪನಿ ತಾನೇ ಬರೆದು ಪ್ರಕಟಿಸಿದ ವರದಿ ಓದಿದಾಗ ತಿಳಿಯಿತು. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರೊಬ್ಬರು ನಕಲು ಪ್ರತಿಯಾಗಿದ್ದ ಎರಡನೇ ಸರ್ವರಿನ ದತ್ತಾಂಶ ಅಳಿಸಲು ಹೋಗಿ, ಮುಖ್ಯ ಸರ್ವರಿನ ಮೇಲೆ ಆದೇಶ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ಅರಿವಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇಡುವ ಜಾಗ ತೆರೆದರೆ ಖಾಲಿ. ದತ್ತಸಂಚಯ 9.6 ಆವೃತ್ತಿಯದು, ಬ್ಯಾಕಪ್ ತೆಗೆಯುವ ಉಪಕರಣ 9.2 ಆವೃತ್ತಿಯದು, ಹೊಂದದೆ ಪ್ರತಿ ಸಲ ಸೋಲುತ್ತಿತ್ತು. ಸೋತೆ ಎಂದು ಹೇಳುವ ಇಮೇಲುಗಳು ಸಹಿ ಪರಿಶೀಲನೆಯಲ್ಲಿ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಪರೀಕ್ಷೆಗೆಂದು ಒಬ್ಬರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟ ಒಂದು ಪ್ರತಿಯಿಂದ ಕಂಪನಿ ಬದುಕಿಕೊಂಡಿತು. ಸರಿಪಡಿಸುವ ಕೆಲಸವನ್ನು ಅವರು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು, ಏನೇನು ತಪ್ಪಾಯಿತೆಂದು ಮುಚ್ಚಿಡದೆ ಬರೆದರು. ಆ ಪ್ರಾಮಾಣಿಕತೆಗೆ ನಾನು ಋಣಿ. ಕೆಟ್ಟರೆ ಹೇಳುತ್ತದೆ ಎಂದು ನಂಬಿಕೊಂಡಿದ್ದ ಗಂಟೆಯೇ ಕೆಟ್ಟಿತ್ತು ಎಂಬುದು ಅದರಿಂದ ಕಲಿತದ್ದು.

ಆಚೆಮನೆ ದೊಡ್ಡಮ್ಮನ ದೀಪ ನನಗೆ ನೆನಪಾದದ್ದು ಆ ವರದಿ ಓದುವಾಗ. ‘ಕೆಟ್ಟರೆ ಹೇಳು’ ಎಂಬುದನ್ನು ತೆಗೆದುಹಾಕಿ ‘ಸರಿಯಿದ್ದರೆ ದಿನಾ ಹೇಳು’ ಎಂದು ತಿರುಗಿಸಿಟ್ಟೆ. ಈಗ ಬ್ಯಾಕಪ್ ಪೂರ್ತಿ ಸರಿಯಾಗಿ ಮುಗಿದರೆ ಮಾತ್ರ, ಒಂದು ತಪ್ಪು ಕಂಡರೂ ಇಲ್ಲ, ಸರ್ವರ್ ಬೆಂಗಳೂರಿನ ಮಗಳ ಮನೆಯ ರಾಸ್ಪ್‌ಬೆರಿ ಪೈಗೆ ಒಂದು ಸಣ್ಣ ಸಂದೇಶ ಕಳಿಸುತ್ತದೆ. ಬೆಳಿಗ್ಗೆ ಆರರೊಳಗೆ ಸಂದೇಶ ಬಾರದಿದ್ದರೆ ಆ ಪೈ ನಮ್ಮಿಬ್ಬರ ಫೋನಿಗೂ ಹೇಳುತ್ತದೆ. ಕರೆಂಟು ಹೋಗಲಿ, ಫೈಬರ್ ಕಡಿಯಲಿ, ಸ್ಕ್ರಿಪ್ಟು ಸಾಯಲಿ, ದೀಪ ಕಾಣಲಿಲ್ಲವೆಂದರೆ ಯಾರೋ ಎದ್ದು ನೋಡುತ್ತಾರೆ. ನೋಡುವ ಕಣ್ಣು ಬೇರೆ ಮನೆಯಲ್ಲಿರುವುದೇ ಇದರ ಜೀವಾಳ. ಎರಡೂ ಮನೆಯ ನಡುವೆ ವೈರ್‌ಗಾರ್ಡ್ ಎಂಬ ಖಾಸಗಿ ಸುರಂಗವಿದೆ. 2020ರಿಂದ ಅದು ಲಿನಕ್ಸ್ ಕರ್ನೆಲ್ಲಿನಲ್ಲೇ ಸೇರಿಕೊಂಡಿದೆ. ಬೇರಾವ ಬಾಗಿಲನ್ನೂ ನಾನು ಹೊರಜಗತ್ತಿಗೆ ತೆರೆದಿಟ್ಟಿಲ್ಲ. ಕಡತವಾರು ಗೂಢಲಿಪಿ ಬಿಟ್ಟು ಲಕ್ಸ್ ಎಂಬ, ಇಡೀ ಡಿಸ್ಕಿಗೇ ಬೀಗ ಹಾಕುವ ವಿಧಾನಕ್ಕೆ ಬದಲಾದೆ. ಅಲ್ಲಿ ಹೆಸರುಗಳು ಇದ್ದ ಉದ್ದದಲ್ಲೇ ಇರುತ್ತವೆ. ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಯಾವುದಾದರೂ ಒಂದು ಕಡತ ತೆಗೆದು, ಪೂರ್ತಿ ಕೂತು ಕೇಳುತ್ತೇನೆ. ಅದೂ ನಿರ್ವಹಣೆಯೇ, ಎಲ್ಲಕ್ಕಿಂತ ಇಷ್ಟದ್ದು.

ಡಿಸ್ಕುಗಳ ಬಗ್ಗೆ ಎರಡು ಮಾತು. ಪ್ರತಿ ಡಿಸ್ಕೂ ಸ್ಮಾರ್ಟ್ ಎಂಬ ಹೆಸರಿನಲ್ಲಿ ತನ್ನ ಆರೋಗ್ಯದ ಲೆಕ್ಕ ಇಟ್ಟುಕೊಳ್ಳುತ್ತದೆ. ಅದರಲ್ಲಿ 5 ಮತ್ತು 197ನೇ ಸಾಲುಗಳು, ಅಂದರೆ ಕೆಟ್ಟು ಬೇರೆಡೆಗೆ ಬದಲಿಸಿದ ಮತ್ತು ಓದಲಾಗದೆ ಕಾಯುತ್ತಿರುವ ಜಾಗಗಳ ಸಂಖ್ಯೆ, ಸೊನ್ನೆಯಿಂದ ಮೇಲೆ ಏರತೊಡಗಿದರೆ ಹೊಸ ಡಿಸ್ಕಿಗೆ ದುಡ್ಡು ಹೊಂದಿಸುವುದು ಒಳ್ಳೆಯದು. ಗೂಗಲ್ ಎಂಜಿನಿಯರುಗಳು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿದರು: ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ, ದೋಷವಿಲ್ಲದ್ದಕ್ಕಿಂತ 39 ಪಟ್ಟು. ಅದೇ ಅಧ್ಯಯನದ ಇನ್ನೊಂದು ಮುಖ, ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಇಲ್ಲಿಯೂ ಮೌನವೇ. ರೇಡ್ ಇದ್ದರೆ ಡೆಬಿಯನ್ ತಿಂಗಳ ಮೊದಲ ಭಾನುವಾರದ ನಡುರಾತ್ರಿ ಎರಡೂ ಡಿಸ್ಕನ್ನು ಅಕ್ಷರಶಃ ಪೂರ್ತಿ ಓದಿ ಹೋಲಿಸುತ್ತದೆ. ಆ ಹೊತ್ತಿಗೆ ಸರ್ವರ್ ನಿಧಾನವಾದರೆ ಗಾಬರಿಪಡಬೇಕಿಲ್ಲ.

ಮಲೆನಾಡಿನಲ್ಲಿ ಇವೆಲ್ಲದರ ಮೇಲೆ ಸಿಡಿಲು. ಏಪ್ರಿಲ್‌, ಮೇ ತಿಂಗಳ ಸಂಜೆ ಮೋಡ ಗುಡುಗಿದರೆ ಪ್ಲಗ್ ಕೀಳುವುದು ನಮಗೆ ರೂಢಿ. ಫೈಬರ್ ತಂತಿ ಗಾಜಿನದ್ದು, ಅದರಲ್ಲಿ ವಿದ್ಯುತ್ ಹರಿಯದು. ಅಪಾಯ ಇರುವುದು ಕರೆಂಟಿನ ಲೈನಿನಲ್ಲಿ, ಮತ್ತು ಅಟ್ಟದಿಂದ ಕೊಟ್ಟಿಗೆಯ ಕ್ಯಾಮರಾದವರೆಗೆ ಎಳೆದ ತಾಮ್ರದ ನೆಟ್‌ವರ್ಕ್ ಕೇಬಲ್ಲಿನಲ್ಲಿ. ಅದನ್ನೂ ಕೀಳಬೇಕು. ಯುಪಿಎಸ್ ಬ್ಯಾಟರಿ ಮೂರು ವರ್ಷಕ್ಕೆ ಸೊರಗುತ್ತದೆ. ಎರಡು ತಿಂಗಳಿಗೊಮ್ಮೆ ಗೋಡೆಯ ಸ್ವಿಚ್ ಆರಿಸಿ ಎಷ್ಟು ನಿಮಿಷ ನಿಲ್ಲುತ್ತದೆ, ಬ್ಯಾಟರಿ ಇಳಿದಾಗ ಸರ್ವರ್ ತಾನಾಗಿ ಸರಿಯಾಗಿ ಮಲಗುತ್ತದೆಯೇ ಎಂದು ನೋಡುತ್ತೇನೆ. ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆ ಬಿಚ್ಚಿ, ಫ್ಯಾನಿನ ಧೂಳು ತೆಗೆದು, ಒಳಗೆ ಗೂಡು ಕಟ್ಟಿದ ಕಣಜದ ಮಣ್ಣನ್ನು ಕುಂಚದಿಂದ ಗುಡಿಸುತ್ತೇನೆ.

ಕಪಾಟಿನ ಬಾಗಿಲಿಗೆ ದಾರ ಕಟ್ಟಿ ಒಂದು ನೂರು ಪುಟದ ನೋಟ್‌ಬುಕ್ ತೂಗುಹಾಕಿದ್ದೇನೆ. ಯಾವ ದಿನ ಏನು ಬದಲಿಸಿದೆ, ಯಾಕೆ, ಮುಂಚೆ ಹೇಗಿತ್ತು. ತೊಂದರೆ ಬಂದಾಗ ಮೊದಲು ತೆರೆಯುವುದು ಅದನ್ನು. ಹತ್ತರಲ್ಲಿ ಏಳು ಸಲ ಉತ್ತರ ಹಿಂದಿನ ಪುಟದಲ್ಲಿ ನನ್ನದೇ ಕೈಬರಹದಲ್ಲಿ ಇರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇನೆ. ಮೂರನ್ನು ಒಟ್ಟಿಗೆ ತಿರುವಿ ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು, ಕೆಟ್ಟರೆ ಯಾವುದರಿಂದ ಕೆಟ್ಟಿತೆಂದೂ ತಿಳಿಯದು. ಲಾಗಿನಲ್ಲಿ ಕೊನೆಯ ತಪ್ಪಿಗಿಂತ ಮೊದಲ ತಪ್ಪನ್ನು ಹುಡುಕುತ್ತೇನೆ. ಉಳಿದವು ಹೆಚ್ಚಾಗಿ ಅದರ ಮಕ್ಕಳು.

ಕಳೆದ ದೀಪಾವಳಿಗೆ ಮಗಳು ಬಂದಾಗ ಒಂದು ಪರೀಕ್ಷೆ ಮಾಡಿದೆವು. ನಾನಿಲ್ಲದಾಗ ಸರ್ವರ್ ನಿಂತರೆ ಏನು ಮಾಡಬೇಕೆಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹನ್ನೊಂದು ಹೆಜ್ಜೆ ಬರೆದಿಟ್ಟಿದ್ದೆ. ಪಾಸ್‌ವರ್ಡುಗಳ ಲಕೋಟೆ ಬೀರುವಿನಲ್ಲಿ ಅಮ್ಮನ ಒಡವೆಯ ಡಬ್ಬಿಯ ಕೆಳಗೆ. ನಾನು ತೋಟಕ್ಕೆ ಹೋದೆ, ಏನೂ ಹೇಳಿಕೊಡಬಾರದೆಂಬ ಮಾತಿನ ಮೇಲೆ. ಹೆಂಡತಿ ಮತ್ತು ಮಗಳು ಹಾಳೆ ಹಿಡಿದು ಕೂತರು. ಮುಕ್ಕಾಲು ಗಂಟೆ ಕಳೆದು ವಾಪಸು ಬಂದರೆ ಇಬ್ಬರೂ ಎರಡನೇ ಹೆಜ್ಜೆಯಲ್ಲೇ ನಿಂತಿದ್ದರು. ‘ಲ್ಯಾಪ್‌ಟಾಪಿನಿಂದ ಒಳಗೆ ಹೋಗಿ’ ಎಂದು ಬರೆದಿದ್ದೆ. “ಯಾವ ಲ್ಯಾಪ್‌ಟಾಪ್‌ ಅಪ್ಪಾ? ಒಳಗೆ ಅಂದರೆ ಎಲ್ಲಿ?” ಎಂದಳು ಮಗಳು. ಹೆಂಡತಿ ಪೆನ್ನು ತಂದು ನನ್ನ ಮುಂದಿಟ್ಟರು. ಆ ಸಂಜೆ ಹಾಳೆಯನ್ನು ಅವರಿಬ್ಬರ ಮಾತಿನಲ್ಲಿ, ಅವರು ಕೇಳಿದ ಪ್ರಶ್ನೆಗಳ ಕ್ರಮದಲ್ಲಿ ಮತ್ತೆ ಬರೆದೆವು. ಈಗ ಅದರಲ್ಲಿ ಇಪ್ಪತ್ತಾರು ಹೆಜ್ಜೆಗಳಿವೆ. ಮೊದಲನೆಯದು, ಯುಪಿಎಸ್ ಮೇಲಿನ ಹಸಿರು ದೀಪ ಉರಿಯುತ್ತಿದೆಯೇ ನೋಡಿ.